ಸಣ್ಣ ರಬ್ಬರು, ದೊಡ್ಡ ಕೆಲಸ



ನಿಮ್ಮ ಮನೆಯಲ್ಲಿ ಮೋಟಾರ್ ಸೈಕಲ್ ಇದೆಯೇ? ನಿಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇದ್ದೀತು. ನಾವು ಅದಕ್ಕೆ 'ಗಾಡಿ' ಎನ್ನುತ್ತೇವೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದೂ ತಾಲೂಕಿನಲ್ಲಿ ಗಾಡಿಯ ಕೆಲಸ ಬಹಳ. ಹಾಲು ಡೇರಿಗೆ ಮುಟ್ಟಬೇಕು. ಕಬ್ಬಿನ ಹೊಲಕ್ಕೆ ಬುತ್ತಿ ಹೋಗಬೇಕು. ನಿಪ್ಪಾಣಿ ಕಡೆ ಕಟ್ಟಿದ ಬೀಡಿ ಕೊಟ್ಟು ಬರಬೇಕು. ಅಥಣಿ ಕಡೆ ಹೊಲಿದ ಚಪ್ಪಲಿ ಪೇಟೆಗೆ ಒಯ್ಯಬೇಕು. ರಾತ್ರಿ ಮಗುವಿಗೆ ಜ್ವರ ಬಂದರೆ ದವಾಖಾನೆಗೆ ಓಡಬೇಕು.

ಗಾಡಿ ದುಡಿಯುವ ಎತ್ತಿನ ಹಾಗೆ. ಎತ್ತಿಗೆ ಜಡ್ಡಾದರೆ ನಮಗೆ ತಿಳಿಯುತ್ತದೆ. ಮೇವು ಬಿಡುತ್ತದೆ, ಕಣ್ಣು ಇಳಿಯುತ್ತದೆ. ಗಾಡಿಗೆ ಜಡ್ಡಾದರೆ ಹೇಗೆ ತಿಳಿಯುವುದು? ಗಾಡಿಯೂ ಹೇಳುತ್ತದೆ. ನಾವು ನೋಡಬೇಕು. ಈ ಪಾಠದಲ್ಲಿ ಅಂಥ ಒಂದು ಜಡ್ಡಿನ ಕತೆ ಇದೆ.

1. ರಸ್ತೆಗೆ ಚೆಲ್ಲಿದ ಹಾಲು

ಒಂದು ಊರು. ಊರಿನಲ್ಲಿ ಒಬ್ಬ ಅಕ್ಕ. ಎಲ್ಲರೂ ಆಕೆಗೆ 'ಹಾಲಿನಕ್ಕ' ಎನ್ನುತ್ತಾರೆ. ಆಕೆಯ ಮನೆಯಲ್ಲಿ ಎರಡು ಎಮ್ಮೆ ಇವೆ. ಓಣಿಯ ಏಳು ಮನೆಯ ಹಾಲನ್ನೂ ಆಕೆಯೇ ಕೂಡಿಸುತ್ತಾಳೆ. ಮಗ ಗಾಡಿಯ ಮೇಲೆ ಡೇರಿಗೆ ಒಯ್ಯುತ್ತಾನೆ. ಆಮೇಲೆ ಅದೇ ಗಾಡಿಯ ಮೇಲೆ ಕಾಲೇಜಿಗೆ ಹೋಗುತ್ತಾನೆ.

ಎರಡು ತಿಂಗಳಿನಿಂದ ಗಾಡಿಯ ಇಂಜಿನ್ ಮೇಲೆ ಆಯಿಲ್ ಜಿನುಗುತ್ತಿತ್ತು. ಗಾಡಿ ನಿಲ್ಲಿಸಿದ ಜಾಗದಲ್ಲಿ ಕರಿ ಕಲೆ ಬೀಳುತ್ತಿತ್ತು. ಬಿಸಿ ಸೈಲೆನ್ಸರ್ ಮೇಲೆ ಹನಿ ಬಿದ್ದು ಸುಟ್ಟ ವಾಸನೆ ಬರುತ್ತಿತ್ತು. ಮಗ ಒಮ್ಮೆ ತಾನೇ ಮುಚ್ಚಳ ಬಿಚ್ಚಿದ. ಹೊಸ ರಬ್ಬರು ಹಾಕಿದ. ಎಂಟು ದಿನ ಸುಮ್ಮನಿತ್ತು. ಮತ್ತೆ ಜಿನುಗಿತು.

"ಇರಲಿ ಬಿಡ ಯವ್ವಾ, ಏನ್ ಆಗತೈತಿ" ಅಂದ ಮಗ.

ಒಂದು ಮುಂಜಾನೆ ತಿರುವಿನಲ್ಲಿ ಗಾಡಿ ಜಾರಿತು. ಹಿಂದಿನ ಟೈರಿಗೆ ಆಯಿಲ್ ತಾಗಿತ್ತು. ಮಗನ ಮೊಣಕಾಲು ಕಿತ್ತಿತು. ಎರಡು ಕ್ಯಾನ್ ಹಾಲು ರಸ್ತೆಗೆ ಚೆಲ್ಲಿತು. ಅದರಲ್ಲಿ ಏಳು ಮನೆಯ ಹಾಲಿತ್ತು.

ಗ್ಯಾರೇಜಿಗೆ ಒಯ್ದರು. ಅಲ್ಲಿಯವನು ದೂರದಿಂದಲೇ ನೋಡಿದ.

"ಇಂಜಿನ್ ಇಳಸಬೇಕ್ರಿ. ಏಳು ಸಾವಿರ ಆಗತೈತಿ" ಅಂದ.

ಏಳು ಸಾವಿರ! ಹಾಲಿನಕ್ಕನ ಕೈ ಕೊರಳಿಗೆ ಹೋಯಿತು. ಕೊರಳಲ್ಲಿ ತಾಯಿ ಕೊಟ್ಟ ಬೋರಮಾಳ ಇತ್ತು. ಅದನ್ನು ಒತ್ತಿ ಇಡಬೇಕೇ? ಆ ರಾತ್ರಿ ಆಕೆಗೆ ನಿದ್ದೆ ಬರಲಿಲ್ಲ.

2. ಕಲಿಕಾ ಕೇಂದ್ರದಲ್ಲಿ

ಮರುದಿನ ಸಂಜೆ ಆಕೆ ಕಲಿಕಾ ಕೇಂದ್ರಕ್ಕೆ ಬಂದಳು. ಮುಖ ಬಾಡಿತ್ತು. ಪಾಠ ಹೇಳುವ ಅಕ್ಕೋರು ಕೇಳಿದರು, "ಯಾಕ್ರೀ, ಮನಸಿಗೆ ಏನ್ ಹಚಗೊಂಡೀರಿ?"

ಹಾಲಿನಕ್ಕ ಎಲ್ಲ ಹೇಳಿದಳು. ಆಗ ಬೀಡಿ ಕಟ್ಟುವ ತಂಗಿಯೊಬ್ಬಳು ಅಂದಳು, "ನಮ್ಮ ಓಣ್ಯಾಗ ಮಿಸ್ತ್ರಿ ಕಾಕಾ ಅದಾರ್ರಿ. ಸಕ್ಕರಿ ಕಾರಖಾನ್ಯಾಗ ಫಿಟ್ಟರ್ ಇದ್ರು. ಕರಕೊಂಡ ಬರ್ತೀನಿ."

ಮಿಸ್ತ್ರಿ ಕಾಕಾ ಬಂದರು. ವಯಸ್ಸಾದವರು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಮೂಸಿ ನೋಡಿದರು. ಆಮೇಲೆ ಕೇಳಿದರು:

"ತಂಗೆವ್ವಾ, ಮನ್ಯಾಗ ಕುಕ್ಕರ್ ಐತೇನ?"

"ಐತಿ ಕಾಕಾ."

"ಕುಕ್ಕರಿನ ರಬ್ಬರ್ ಹಳೇದಾದ್ರ ಏನಾಗತೈತಿ?"

"ಸೀಟಿ ಹೊಡ್ಯಂಗಿಲ್ರಿ. ಅಂಚಿನಿಂದ ಹಬಿ ಹೋಗತೈತಿ. ನೀರು ಸೋರತೈತಿ."

"ಆವಾಗ ಹೊಸಾ ಕುಕ್ಕರ್ ತರ್ತೀಯೇನು?"

"ಇಲ್ಲರಿ ಕಾಕಾ. ರಬ್ಬರ್ ಅಷ್ಟ ಬದಲಾಯಿಸ್ತೀನಿ."

ಕಾಕಾ ನಕ್ಕರು. "ಅಷ್ಟ ನೋಡವ್ವಾ. ಈ ಗಾಡೀಗೂ ಅಂಥಾದ್ದ ಒಂದು ರಬ್ಬರ್ ಐತಿ. ಬೋರಮಾಳಕ್ಕ ಕೈ ಹಚ್ಚಬ್ಯಾಡ. ಮದಲ ಒರಸೋಣು. ಆಮ್ಯಾಲ ನೋಡೋಣು. ಆಮ್ಯಾಲ ಬಿಚ್ಚೋಣು."

ಅಕ್ಕೋರು ಆ ಮೂರು ಮಾತನ್ನು ಹಲಗೆಯ ಮೇಲೆ ಬರೆದರು:

ಒರಸು. ನೋಡು. ಬಿಚ್ಚು.

ಎಲ್ಲರೂ ಓದಿದರು.

3. ಮುಚ್ಚಳದ ಕೆಳಗೆ ಏನಿದೆ?

ಗಾಡಿಯ ಇಂಜಿನ್ನಿಗೆ ತಲೆ ಇದೆ. ಅದಕ್ಕೆ 'ಹೆಡ್' ಎನ್ನುತ್ತಾರೆ. ಹೆಡ್ಡಿನಲ್ಲಿ ಸಣ್ಣ ಬಾಗಿಲುಗಳಿವೆ. ಅವೇ 'ವಾಲ್ವ್'. ಸಾಮಾನ್ಯ ಗಾಡಿಗೆ ಎರಡು ವಾಲ್ವ್. ಒಂದು ಬಾಗಿಲಿನಿಂದ ಗಾಳಿ ಮತ್ತು ಪೆಟ್ರೋಲ್ ಒಳಗೆ ಬರುತ್ತವೆ. ಇನ್ನೊಂದು ಬಾಗಿಲಿನಿಂದ ಸುಟ್ಟ ಹೊಗೆ ಹೊರಗೆ ಹೋಗುತ್ತದೆ.

ಈ ಬಾಗಿಲುಗಳಿಗೆ ಬಿಡುವಿಲ್ಲ. ಇಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಒಂದೊಂದು ಬಾಗಿಲು 2,000 ಸಲ ತೆರೆದು ಮುಚ್ಚುತ್ತದೆ. ಇಷ್ಟು ಕೆಲಸ ಮಾಡಿದರೆ ತಿಕ್ಕಾಟ ಆಗುತ್ತದೆ. ಕಾವು ಏರುತ್ತದೆ. ಅದಕ್ಕೇ ಅಲ್ಲಿಗೆ ಸದಾ ಆಯಿಲ್ ಹರಿದು ಬರುತ್ತದೆ.

ಆ ಆಯಿಲ್ ಹೊರಗೆ ಸಿಡಿಯಬಾರದು. ಹೊರಗಿನ ಧೂಳು ಒಳಗೆ ಬೀಳಬಾರದು. ಅದಕ್ಕಾಗಿ ಒಂದು ಮುಚ್ಚಳ. ಮಿಸ್ತ್ರಿಗಳು ಅದನ್ನು 'ಹೆಡ್ ಕವರ್' ಅಥವಾ 'ಟ್ಯಾಪೆಟ್ ಕವರ್' ಎನ್ನುತ್ತಾರೆ. ಮುಚ್ಚಳ ಮತ್ತು ಹೆಡ್ಡಿನ ನಡುವೆ ಒಂದು ರಬ್ಬರು ಕೂಡುತ್ತದೆ. ಅದೇ 'ಪ್ಯಾಕಿಂಗ್'. ಅಂಗಡಿಯಲ್ಲಿ 'ಗ್ಯಾಸ್ಕೆಟ್' ಎಂದೂ ಕರೆಯುತ್ತಾರೆ.

ಎಲ್ಲ ಗಾಡಿಯ ಮುಚ್ಚಳ ಒಂದೇ ತರಹ ಇರುವುದಿಲ್ಲ. ಕೆಲವು ಗಾಡಿಗೆ ಒಂದೇ ದೊಡ್ಡ ಮುಚ್ಚಳ, ಒಂದೇ ಉದ್ದನೆಯ ರಬ್ಬರು. ಸ್ಪ್ಲೆಂಡರ್‌ನಂಥ ಗಾಡಿಗೆ ಎರಡು ಸಣ್ಣ ದುಂಡು ಮುಚ್ಚಳ. ಒಂದೊಂದಕ್ಕೂ ಬಳೆಯಂಥ ಒಂದು ರಬ್ಬರು. ಹೆಣ್ಣುಮಕ್ಕಳು ಓಡಿಸುವ ಈಗಿನ ಸ್ಕೂಟರಿಗೂ ಇಂಥ ಮುಚ್ಚಳ ಇದೆ.

ಹಿಂದೆ ನಮ್ಮ ಕಡೆ ಯೆಜ್ಡಿ ಗಾಡಿ ಓಡುತ್ತಿತ್ತು. ಅದು ನಮ್ಮ ಮೈಸೂರಿನಲ್ಲಿಯೇ ತಯಾರಾಗುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಳೆಯ ಯೆಜ್ಡಿ, ರಾಜದೂತ ಗಾಡಿಗಳ ಹೆಡ್ಡಿನಲ್ಲಿ ವಾಲ್ವ್ ಇರಲಿಲ್ಲ. ಆಯಿಲನ್ನು ಪೆಟ್ರೋಲಿನಲ್ಲಿಯೇ ಕಲಸಿ ಹಾಕುತ್ತಿದ್ದರು. ಹೊಗೆ ಬಹಳ ಬರುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಕಂಪನಿಯ ಸಿ.ಡಿ. 100 ಗಾಡಿ ಬಂತು. ಅದರ ನಂತರ ವಾಲ್ವ್ ಇರುವ ಸಣ್ಣ ಗಾಡಿಗಳು ಹೆಚ್ಚಿದವು. ಪೆಟ್ರೋಲ್ ಕಡಿಮೆ ಸಾಕಾಯಿತು. ಜೊತೆಗೆ ಈ ರಬ್ಬರೂ ಮನೆಮನೆಗೆ ಬಂತು.

4. ಮೊದಲು ಒರಸು, ಆಮೇಲೆ ನೋಡು

ಆಯಿಲ್ ಮೋಸಗಾರ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕಾಣುತ್ತದೆ. ಮೇಲಿಂದ ಇಳಿಯುತ್ತದೆ. ಗಾಡಿ ಓಡಿದಾಗ ಗಾಳಿಗೆ ಹಿಂದಕ್ಕೆ ಹರಿಯುತ್ತದೆ. ಧೂಳು ಕೂಡಿ ಕರಿ ರಾಡಿ ಆಗುತ್ತದೆ. ಆ ರಾಡಿಯ ಮೇಲೆ ಎಷ್ಟು ನೋಡಿದರೂ ಲೀಕ್ ಎಲ್ಲಿದೆ ಎಂದು ತಿಳಿಯದು.

ಅದಕ್ಕೆ ಕಾಕಾ ಒಂದು ಉಪಾಯ ಹೇಳಿದರು. ಇಂಜಿನ್ ಪೂರ್ತಿ ತಣ್ಣಗಿತ್ತು. ಮಗ ಸಾಬೂನು ನೀರು, ಬ್ರಶ್ಶು ಹಿಡಿದು ಇಂಜಿನ್ ತಿಕ್ಕಿದ. ಅರಿವೆಯಿಂದ ಒರಸಿ ಒಣಗಿಸಿದ.

"ತಂಗೆವ್ವಾ, ಮುಖಕ್ಕ ಹಚ್ಚೂ ಪೌಡರ್ ತಾ" ಅಂದರು ಕಾಕಾ.

ಎಲ್ಲರೂ ನಕ್ಕರು. ಹಾಲಿನಕ್ಕ ಪೌಡರ್ ಡಬ್ಬಿ ತಂದಳು. ಕಾಕಾ ಮುಚ್ಚಳದ ಸುತ್ತ, ಅದರ ಕೆಳಗಿನ ಜೋಡಣೆಯ ಸುತ್ತ ಪೌಡರ್ ಉದುರಿಸಿದರು. ಇಂಜಿನ್ ಬೆಳ್ಳಗಾಯಿತು. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಹತ್ತು ನಿಮಿಷ ಚಾಲೂ ಇಟ್ಟರು.

(ಮುಚ್ಚಿದ ಕೋಣೆಯಲ್ಲಿ ಗಾಡಿ ಚಾಲೂ ಇಡಬೇಡಿ. ಅದರ ಹೊಗೆಯಲ್ಲಿ ಜೀವ ತೆಗೆಯುವ ವಿಷಗಾಳಿ ಇದೆ. ಸೆರಗು, ಜಡೆ ಸಿಗಿಸಿಕೊಳ್ಳಿ. ಚಾಲೂ ಇರುವಾಗ ಚೈನು, ಚಕ್ರದ ಹತ್ತಿರ ಹೋಗಬೇಡಿ. ಸೈಲೆನ್ಸರ್ ಮುಟ್ಟಬೇಡಿ.)

ಹತ್ತು ನಿಮಿಷದ ಮೇಲೆ ಕಾಕಾ ಗಾಡಿ ಬಂದ್ ಮಾಡಿದರು. "ಈಗ ನೀನ ನೋಡವ್ವಾ" ಅಂದರು.

ಹಾಲಿನಕ್ಕ ಬಗ್ಗಿ ನೋಡಿದಳು. ಮುಚ್ಚಳದ ಎಡಗಡೆ ಮೂಲೆಯಲ್ಲಿ ಪೌಡರ್ ತೊಯ್ದಿತ್ತು. ಸಣ್ಣ ಕರಿ ಗೆರೆ ಕೆಳಗೆ ಇಳಿದಿತ್ತು. ಉಳಿದ ಕಡೆ ಎಲ್ಲ ಬೆಳ್ಳಗೇ ಇತ್ತು.

"ಇಲ್ಲೇ ಐತ್ರಿ ಕಾಕಾ! ಮುಚ್ಚಳದ ಸಂದ್ಯಾಗಿಂದ ಬರಾಕತ್ತೈತಿ."

"ಅಂದ್ರ ಇಂಜಿನ್ ಇಳಸೂ ಕೆಲಸ ಅಲ್ಲ. ಆದ್ರ ಒಂದು ಮಾತು. ಹೊಸಾ ರಬ್ಬರ್ ಹಾಕಿ ಎಂಟ ದಿನದಾಗ ಮತ್ತ ಯಾಕ ಸೋರಿತು? ಅದನ್ನ ಹುಡುಕಲಿಲ್ಲಂದ್ರ ನಾವು ಹಾಕಿದ್ದೂ ಎಂಟ ದಿನಾನ."

5. ಬಿಚ್ಚಿದಾಗ ಕಂಡದ್ದು

ಆ ರಾತ್ರಿ ಗಾಡಿ ತಣ್ಣಗಾಗಲು ಬಿಟ್ಟರು. ಬಿಸಿ ಇಂಜಿನ್ ಬಿಚ್ಚಿದರೆ ಕೈ ಸುಡುತ್ತದೆ. ಮುಂಜಾನೆ ಕೆಲಸಕ್ಕೆ ಕೂತರು.

ಕಾಕಾ ಒಂದು ಪಾನಾ ಕೊಟ್ಟರು. ಬೋಲ್ಟು ತಿರುಗಿಸುವ ಸಾಮಾನಿಗೆ ನಮ್ಮ ಕಡೆ 'ಪಾನಾ' ಎನ್ನುತ್ತಾರೆ.

"ಇದರ ಮ್ಯಾಲ ಏನ್ ಬರದೈತಿ ಓದು."

"ಹತ್ತು" ಎಂದು ಓದಿದಳು ಹಾಲಿನಕ್ಕ.

"ಹಾಂ. ಬೋಲ್ಟಿನ ತಲಿ ಹತ್ತು ಮಿಲಿಮೀಟರ್ ಅಗಲ. ಅದಕ್ಕ ಹತ್ತನೇ ನಂಬರ್ ಪಾನಾನ ಬೇಕು. ದೊಡ್ಡದು ಹಾಕಿದ್ರ ತಲಿ ಸವೀತೈತಿ. ಆಮ್ಯಾಲ ಯಾರಿಗೂ ಬಿಚ್ಚಾಕ ಬರೂದಿಲ್ಲ."

ಒಂದು ಬೋಲ್ಟು ಅರ್ಧ ಸುತ್ತು ಸಡಿಲು. ಆಮೇಲೆ ಅದರ ಎದುರಿನದು ಅರ್ಧ ಸುತ್ತು. ಹೀಗೆ ಎದುರು-ಬದುರು ಸಡಿಲಿಸಿದರು. ಬಿಚ್ಚಿದ ಬೋಲ್ಟುಗಳನ್ನು ಒಂದು ತಾಟಿನಲ್ಲಿ ಸಾಲಾಗಿ ಇಟ್ಟರು. ಯಾವುದು ಎಲ್ಲಿಯದು ಎಂದು ತಪ್ಪಬಾರದು.

ಮುಚ್ಚಳ ಅಂಟಿಕೊಂಡಿತ್ತು. ಮಗ ಸ್ಕ್ರೂಡ್ರೈವರ್ ಹಾಕಿ ಮೀಟಲು ಹೋದ.

"ಏ ತಮ್ಮಾ, ಬ್ಯಾಡ!" ಕಾಕಾ ಕೈ ಹಿಡಿದರು. "ಇದು ಅಲ್ಯೂಮಿನಿಯಂ. ಮೆತ್ತಂದು. ಗೀರು ಬಿದ್ರ ಅದ ಗೀರಿನ್ಯಾಗ ಆಯಿಲ್ ಹಾದಿ ಮಾಡಕೊಂತೈತಿ."

ಒಂದು ಕಟ್ಟಿಗೆ ತುಂಡಿನಿಂದ ಮುಚ್ಚಳದ ಬದಿಗೆ ಮೆಲ್ಲಗೆ ತಟ್ಟಿದರು. ಮುಚ್ಚಳ ಬಿಟ್ಟಿತು.

ಒಳಗೆ ನೋಡಿದರೆ ಮೂರು ತಪ್ಪು ಕಂಡವು.

ಮೊದಲನೇ ತಪ್ಪು: ರಬ್ಬರು ಚಪ್ಪಟೆಯಾಗಿತ್ತು. ಒಂದು ಮೂಲೆಯಲ್ಲಿ ಹಿಚುಕಿ ಹೊರಗೆ ಬಂದಿತ್ತು. ಮಗ ಬೋಲ್ಟನ್ನು ಅತಿಯಾಗಿ ಬಿಗಿದಿದ್ದ. ಹೆಚ್ಚು ಬಿಗಿದರೆ ಸೋರುವುದಿಲ್ಲ ಎಂದು ಆತ ತಿಳಿದಿದ್ದ.

ಎರಡನೇ ತಪ್ಪು: ರಬ್ಬರಿನ ಎರಡೂ ಬದಿಗೆ ಅಂಟು ಪೇಸ್ಟನ್ನು ದಪ್ಪಗೆ ಮೆತ್ತಿದ್ದ. ಅದರ ತುಣುಕುಗಳು ಒಳಗಡೆ ಜೋತುಬಿದ್ದಿದ್ದವು. ಅಂಥ ತುಣುಕು ಕಳಚಿ ಆಯಿಲಿನಲ್ಲಿ ಬಿದ್ದರೆ ಆಯಿಲ್ ಹರಿಯುವ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಆಗ ಇಂಜಿನ್ನೇ ಕೆಡುತ್ತದೆ. ಅಂಟಿನ ಅಡಿಯಲ್ಲಿ ಹಳೆಯ ರಬ್ಬರಿನ ಚೂರೂ ಹಾಗೇ ಇತ್ತು.

ಮೂರನೇ ತಪ್ಪು ಮುಚ್ಚಳದ ಕೆಳಗೆ ಇರಲಿಲ್ಲ. ಕಾಕಾ ಇಂಜಿನ್ನಿನಿಂದ ಹೊರಡುವ ಒಂದು ಸಣ್ಣ ರಬ್ಬರ್ ನಳಿಗೆಯನ್ನು ಬೆರಳಿನಿಂದ ತಡವುತ್ತಾ ಹೋದರು. ಟಾಕಿಯ ಅಡಿಯಲ್ಲಿ ಅದು ಮಡಚಿ ಸಿಕ್ಕಿಕೊಂಡಿತ್ತು.

"ಸಿಕ್ಕಿತು ನೋಡು ಕಳ್ಳ!" ಅಂದರು.

6. ಸೀಟಿ ಕಟ್ಟಿದರೆ ಹಬೆ ಎಲ್ಲಿ ಹೋಗಬೇಕು?

ಆ ನಳಿಗೆಗೆ 'ಬ್ರೀದರ್ ಪೈಪ್' ಎನ್ನುತ್ತಾರೆ. ಅಂದರೆ ಇಂಜಿನ್ ಉಸಿರು ಬಿಡುವ ನಳಿಗೆ.

ಇಂಜಿನ್ನಿನಲ್ಲಿ ಪೆಟ್ರೋಲ್ ಉರಿದಾಗ ಗಾಳಿಯ ಒತ್ತಡ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಗಾಳಿ ಪಿಸ್ಟನ್ನಿನ ಅಂಚಿನಿಂದ ಕೆಳಗೆ ನುಸುಳುತ್ತದೆ. ಅದು ಈ ನಳಿಗೆಯಿಂದ ಹೊರಬರಬೇಕು. ಕೆಲವು ಹಳೆಯ ಗಾಡಿಗಳಲ್ಲಿ ನಳಿಗೆಯ ತುದಿ ಕೆಳಗೆ ತೂಗುತ್ತದೆ. ಹೊಸ ಗಾಡಿಗಳಲ್ಲಿ ಅದು ಏರ್ ಫಿಲ್ಟರ್ ಪೆಟ್ಟಿಗೆಗೆ ಕೂಡಿರುತ್ತದೆ.

ನಳಿಗೆ ಮಡಚಿದರೆ ಅಥವಾ ಕೆಸರಿನಿಂದ ಕಟ್ಟಿದರೆ ಗಾಳಿಗೆ ದಾರಿ ಇಲ್ಲ. ಆಗ ಅದು ಎಲ್ಲಿ ಸಡಿಲು ಇದೆಯೋ ಅಲ್ಲಿ ನುಗ್ಗುತ್ತದೆ. ಪ್ಯಾಕಿಂಗಿನ ಸಂದಿಯಿಂದ ಆಯಿಲನ್ನು ಹೊರಗೆ ದಬ್ಬುತ್ತದೆ.

ಹಾಲಿನಕ್ಕ ತಟ್ಟನೆ ಅಂದಳು, "ತಿಳೀತ್ರಿ ಕಾಕಾ. ಕುಕ್ಕರಿನ ಸೀಟ್ಯಾಗ ಅಕ್ಕಿ ಸಿಕ್ಕೊಂಡ್ರ ಹಬಿ ರಬ್ಬರಿನ ಅಂಚಿನಿಂದ ಬರತೈತಲ್ಲ, ಹಂಗ!"

"ಹೌದವ್ವಾ. ಆವಾಗ ರಬ್ಬರ್ ಎಷ್ಟ ಸಲ ಬದಲ ಮಾಡಿದ್ರ ಏನ್ ಬಂತು? ಸೀಟಿ ಸ್ವಚ್ಛ ಮಾಡಬೇಕು."

ಮಗ ತಲೆ ತಗ್ಗಿಸಿದ. ಮೊದಲ ಸಲ ಮುಚ್ಚಳ ಬಿಚ್ಚುವಾಗ ಆತನೇ ಟಾಕಿ ಎತ್ತಿ ಇಟ್ಟಿದ್ದ. ಆಗ ನಳಿಗೆ ಅಡಿಗೆ ಸಿಕ್ಕಿತ್ತು.

ಇದನ್ನು ಚೆನ್ನಾಗಿ ನೆನಪಿಡಿ. ಮತ್ತೆ ಮತ್ತೆ ಸೋರುವ ಗಾಡಿಗೆ ಪ್ಯಾಕಿಂಗ್ ಬದಲಿಸಿದರೆ ಸಾಲದು. ಉಸಿರು ನಳಿಗೆ ನೋಡಬೇಕು. ಆಯಿಲ್ ಗುರುತಿಗಿಂತ ಹೆಚ್ಚು ತುಂಬಿದೆಯೇ ನೋಡಬೇಕು. ಹೆಚ್ಚು ಆಯಿಲ್ ಹಾಕಿದರೂ ಸೋರುವುದುಂಟು.

7. ಪೊಟ್ಟಣ ಓದುವುದು

ಹಾಲಿನಕ್ಕ ಮಗನ ಜೊತೆ ಚಿಕ್ಕೋಡಿಗೆ ಬಸ್ಸಿನಲ್ಲಿ ಹೋದಳು. ಹಳೆಯ ರಬ್ಬರನ್ನು ಕಾಗದದಲ್ಲಿ ಸುತ್ತಿ ಒಯ್ದಿದ್ದಳು.

ಅಂಗಡಿಯವ ಬಿಡಿ ರಬ್ಬರೊಂದನ್ನು ಮುಂದಿಟ್ಟ. "ನೂರಾ ಎಂಬತ್ತು ಕೊಡ್ರಿ" ಅಂದ.

"ಪೊಟ್ಟಣ ಇದ್ದದ್ದು ಕೊಡ್ರಿ ಅಣ್ಣಾರ" ಅಂದಳು ಹಾಲಿನಕ್ಕ.

ಪೊಟ್ಟಣ ಬಂತು. ಹಾಲಿನಕ್ಕ ಅದನ್ನು ತಿರುಗಿಸಿ ಓದಿದಳು. ಅಕ್ಷರ ಇಂಗ್ಲಿಷ್ ಇದ್ದವು. ಆದರೆ ಅಂಕಿ ಆಕೆಗೆ ಗೊತ್ತಿದ್ದವು. 'ಎಂ.ಆರ್.ಪಿ.' ಎಂಬ ಮೂರು ಅಕ್ಷರದ ಗುರುತನ್ನೂ ಅಕ್ಕೋರು ಕಲಿಸಿದ್ದರು. ಅದರ ಮುಂದೆ 110 ಎಂದು ಇತ್ತು.

"ನೂರಾ ಹತ್ತು ಐತಲ್ರಿ" ಅಂದಳು.

ಅಂಗಡಿಯವ ಆಕೆಯ ಮುಖ ನೋಡಿದ. ಸುಮ್ಮನೆ ನೂರಾ ಹತ್ತು ತೆಗೆದುಕೊಂಡ. ಆಕೆ ಪಾವತಿ ಕೇಳಿ ಬರೆಸಿಕೊಂಡಳು.

ಎಂ.ಆರ್.ಪಿ. ಎಂದರೆ ಗರಿಷ್ಠ ಮಾರಾಟ ಬೆಲೆ. ಎಲ್ಲ ತೆರಿಗೆ ಅದರಲ್ಲಿಯೇ ಸೇರಿರುತ್ತದೆ. ಪೊಟ್ಟಣದ ಮೇಲೆ ಬರೆದ ಬೆಲೆಗಿಂತ ಹೆಚ್ಚು ಕೇಳುವ ಹಾಗಿಲ್ಲ. ಇದು ಕಾನೂನು.

ರಬ್ಬರು ಕೊಳ್ಳುವಾಗ ಮೂರು ನೋಡಿ. ನಿಮ್ಮ ಗಾಡಿಯ ಹೆಸರಿನದೇ ಇರಲಿ. ಹಳೆಯದರ ಪಕ್ಕ ಇಟ್ಟು ಆಕಾರ ತಾಳೆ ನೋಡಿ. ಬೆರಳಲ್ಲಿ ಮಡಚಿ ನೋಡಿ, ಮೆತ್ತಗೆ ಇರಬೇಕು, ಬಿಟ್ಟರೆ ಮೊದಲಿನಂತೆ ಆಗಬೇಕು. ಕಟ್ಟಿಗೆಯಂತೆ ಗಡುಸು ಇದ್ದರೆ ಬೇಡ.

8. ಕೂಡಿಸುವುದು

ಕಾಕಾ ಹೇಳಿದ ಹಾಗೆ ಈ ಸಲ ಹಾಲಿನಕ್ಕ ಮತ್ತು ಮಗ ಕೂಡಿ ಕೆಲಸ ಮಾಡಿದರು.

ಒಂದು. ತೆರೆದ ಹೆಡ್ಡಿನ ಒಳಗೆ ಸ್ವಚ್ಛ ಅರಿವೆ ತುರುಕಿದರು. ಕಸ ಒಳಗೆ ಬೀಳಬಾರದು.

ಎರಡು. ಹಳೆಯ ಅಂಟು, ರಬ್ಬರ್ ಚೂರು ಎಲ್ಲ ತೆಗೆದರು. ಚಾಕು ಮುಟ್ಟಲಿಲ್ಲ. ಬಿದಿರ ಚಕ್ಕೆ ಮತ್ತು ಹಳೆಯ ಹಲ್ಲಿನ ಬ್ರಶ್ಶು ಸಾಕಾದವು. ಹೆಡ್ಡಿನ ಅಂಚು, ಮುಚ್ಚಳದ ಅಂಚು ಎರಡನ್ನೂ ಒಣ ಅರಿವೆಯಿಂದ ಒರಸಿದರು. ಆಮೇಲೆ ತುರುಕಿದ ಅರಿವೆಯನ್ನು ಮರೆಯದೆ ಹೊರಗೆ ತೆಗೆದರು.

ಮೂರು. ಒಳಗಿನ ಸ್ಕ್ರೂ, ನಟ್ಟು ಯಾವುದಕ್ಕೂ ಕೈ ಹಚ್ಚಲಿಲ್ಲ. ಅದು ವಾಲ್ವಿನ ಅಳತೆ. ತಿಳಿದವರೇ ಮುಟ್ಟಬೇಕು.

ನಾಲ್ಕು. ಹೊಸ ರಬ್ಬರನ್ನು ಮುಚ್ಚಳದ ಗಾಡಿಯಲ್ಲಿ, ಅಂದರೆ ಅದು ಕೂಡುವ ಕಾಲುವೆಯಲ್ಲಿ, ಸುತ್ತಲೂ ಒತ್ತಿ ಕೂಡಿಸಿದರು. ಅಂಟು ಹಚ್ಚಲಿಲ್ಲ. (ದುಂಡು ಮುಚ್ಚಳದ ಬಳೆ ರಬ್ಬರಿಗೆ ಒಂದು ಹನಿ ಸ್ವಚ್ಛ ಆಯಿಲ್ ಸವರಬೇಕು. ಆಗ ಅದು ತಿರುಚುವುದಿಲ್ಲ.)

ಐದು. ಮುಚ್ಚಳವನ್ನು ನೇರವಾಗಿ ಇಳಿಸಿದರು. ರಬ್ಬರು ಎಲ್ಲಿಯೂ ಜಾರಿಲ್ಲ ಎಂದು ಸುತ್ತಲೂ ನೋಡಿದರು.

ಆರು. ಎಲ್ಲ ಬೋಲ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿದರು. ಆಮೇಲೆ ಪಾನಾದಿಂದ ಎದುರು-ಬದುರು, ಸ್ವಲ್ಪ ಸ್ವಲ್ಪವಾಗಿ ಬಿಗಿದರು.

ಎಷ್ಟು ಬಿಗಿಯಬೇಕು? ಇಲ್ಲಿಯೇ ಎಲ್ಲರೂ ತಪ್ಪುತ್ತಾರೆ. ಈ ಬೋಲ್ಟು ಸಾಮಾನ್ಯವಾಗಿ 6 ಮಿಲಿಮೀಟರ್ ದಪ್ಪ. ಇಂಥ ಬೋಲ್ಟಿಗೆ ಸುಮಾರು 10 ನ್ಯೂಟನ್-ಮೀಟರ್ ಬಿಗಿ ಸಾಕು. ಹಾಗೆಂದರೆ ಎಷ್ಟು? 20 ಸೆಂಟಿಮೀಟರ್ ಉದ್ದದ, ಅಂದರೆ ಸುಮಾರು ಒಂದು ಗೇಣು ಉದ್ದದ, ಪಾನಾದ ತುದಿಗೆ 5 ಲೀಟರ್ ಹಾಲು ತೂಗುಹಾಕಿದಷ್ಟು. ಅಷ್ಟೇ. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಬೇಕು. ಕೆಲವು ಗಾಡಿಯ ಬೋಲ್ಟು ಒಂದು ಹಂತಕ್ಕೆ ಬಂದು ತಾನೇ ನಿಲ್ಲುತ್ತದೆ. ಅಲ್ಲಿಗೆ ಬಿಡಬೇಕು.

"ಇಷ್ಟ ಸಾಕೇನ್ರಿ ಕಾಕಾ? ಸಡ್ಲ ಅನಸ್ತೈತಿ" ಅಂದ ಮಗ.

"ಉಪ್ಪಿನಕಾಯಿ ಭರಣಿ ಮುಚ್ಚಳಾನ ಯಾರರ ಪೈಲವಾನ್ರು ಬಿಗೀತಾರೇನೋ ತಮ್ಮಾ? ಹಿಡಿಯೂದು ರಬ್ಬರಿನ ಕೆಲಸ. ಬೋಲ್ಟಿನ ಕೆಲಸ ಬರೇ ಒತ್ತಿ ಹಿಡಿಯೂದು. ಹೆಚ್ಚು ಬಿಗದ್ರ ಅಲ್ಯೂಮಿನಿಯಂದಾಗಿನ ಥ್ರೆಡ್ ಹೋಗತೈತಿ. ಆವಾಗ ಸಾವಿರಗಟ್ಟಲೆ ಖರ್ಚು."

ಉಸಿರು ನಳಿಗೆಯನ್ನು ನೇರ ಮಾಡಿದರು. ಬಾಯಿಂದ ಊದಲಿಲ್ಲ. ಸೈಕಲ್ ಪಂಪಿನಿಂದ ಗಾಳಿ ಹಾಯಿಸಿ ದಾರಿ ಇದೆ ಎಂದು ನೋಡಿಕೊಂಡರು. ಟಾಕಿ ಕೂಡಿಸುವಾಗ ನಳಿಗೆ ಸಿಕ್ಕದಂತೆ ಎಚ್ಚರ ವಹಿಸಿದರು.

ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಆಯಿಲ್ ಅಳೆದರು. ಕಡ್ಡಿಯ ಮೇಲೆ ಎರಡು ಗುರುತು ಇರುತ್ತವೆ. ಆಯಿಲ್ ಎರಡರ ನಡುವೆ ಇರಬೇಕು. ಕೆಳಗಿನ ಗುರುತಿಗೂ ಮುಟ್ಟಿರಲಿಲ್ಲ. ಸಣ್ಣ ಗಾಡಿಯ ಹೊಟ್ಟೆಯಲ್ಲಿ ಇರುವುದೇ ಸುಮಾರು ಒಂದು ಲೀಟರ್ ಆಯಿಲ್. ದಿನಕ್ಕೆ ಹನಿ ಹನಿ ಹೋದರೂ ಒಂದು ದಿನ ಬರಿದಾಗುತ್ತದೆ. ಆಯಿಲ್ ಇಲ್ಲದೆ ಓಡಿದ ಇಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ. ಆಗ ನಿಜವಾಗಿಯೂ ಏಳು ಸಾವಿರ ಬೇಕು.

ಆಯಿಲ್ ಹಾಕಿದರು. ಹಿಂದಿನ ಟೈರನ್ನು ಸಾಬೂನಿನಿಂದ ತಿಕ್ಕಿ ತೊಳೆದರು. ಮತ್ತೆ ಪೌಡರ್ ಉದುರಿಸಿ ಗಾಡಿ ಚಾಲೂ ಮಾಡಿದರು. ಹತ್ತು ನಿಮಿಷ ಆಯಿತು. ಪೌಡರ್ ಬೆಳ್ಳಗೇ ಉಳಿಯಿತು.

ಹಾಲಿನಕ್ಕ ಕಾಕಾಗೆ ಎರಡು ನೂರು ರೂಪಾಯಿ ಕೊಡಲು ಹೋದಳು. ಕಾಕಾ ಬೇಡ ಅಂದರು.

"ಇಲ್ಲರಿ ಕಾಕಾ. ನಾ ಹಾಲಿನ ರೊಕ್ಕ ಬಿಡತೀನೇನು? ಕೂಲಿ ಕೂಲೀನ" ಅಂದಳು. ಕಾಕಾ ತೆಗೆದುಕೊಂಡರು.

9. ಯಾವಾಗ ಗ್ಯಾರೇಜಿಗೆ ಹೋಗಬೇಕು?

ಎಲ್ಲ ಮಿಸ್ತ್ರಿಗಳೂ ಮೋಸ ಮಾಡುವುದಿಲ್ಲ. ಎಲ್ಲ ಲೀಕೂ ಮನೆಯಲ್ಲಿ ಸರಿಯಾಗುವುದಿಲ್ಲ. ಈ ಕೆಳಗಿನ ಗುರುತು ಕಂಡರೆ ತಿಳಿದ ಮಿಸ್ತ್ರಿಯ ಕಡೆ ಒಯ್ಯಿರಿ.

ಪೌಡರ್ ಮುಚ್ಚಳದ ಸಂದಿಯಲ್ಲಿ ಅಲ್ಲ, ಹೆಡ್ಡಿನ ಕೆಳಗಿನ ಜೋಡಣೆಯಲ್ಲಿ ತೊಯ್ದಿದ್ದರೆ.
ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ.
ಇಂಜಿನ್ನಿನಲ್ಲಿ ಟಕ-ಟಕ ಸಪ್ಪಳ ಹೆಚ್ಚಿದರೆ.
ಬೋಲ್ಟು ಬಿಗಿಯಾಗದೆ ಸುಮ್ಮನೆ ತಿರುಗುತ್ತಿದ್ದರೆ.

ಒಯ್ದಾಗ ಸುಮ್ಮನೆ ನಿಲ್ಲಬೇಡಿ. ಕೇಳಿ. "ಎಲ್ಲಿ ಸೋರಾಕತ್ತೈತಿ, ತೋರಸ್ರಿ." "ಯಾವ ಸಾಮಾನ ಹಾಕ್ತೀರಿ? ಎಷ್ಟ ಆಗತೈತಿ?" "ತಗದ ಹಳೇ ಸಾಮಾನ ನಮಗ ಕೊಡ್ರಿ." "ಪಾವತಿ ಕೊಡ್ರಿ." ಈ ನಾಲ್ಕು ಮಾತು ಕೇಳಲು ಸಂಕೋಚ ಬೇಡ.

ಹಳೆಯ ಆಯಿಲನ್ನು ಬಾವಿ, ಹಳ್ಳ, ಹೊಲಕ್ಕೆ ಚೆಲ್ಲಬೇಡಿ. ನೀರು ಕೆಡುತ್ತದೆ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಕೈಗೆ ತಾಗಿದ ಆಯಿಲನ್ನು ಸಾಬೂನಿನಿಂದ ತೊಳೆದುಕೊಂಡೇ ಅಡುಗೆಗೆ, ಹಾಲು ಹಿಂಡಲು ಹೋಗಿ.

10. ಹಾಲಿನಕ್ಕನ ವಹಿ

ಆ ಸಂಜೆ ಹಾಲಿನಕ್ಕ ತನ್ನ ವಹಿಯಲ್ಲಿ ಬರೆದಳು. ಯಾರೂ ಹೇಳಿಕೊಡಲಿಲ್ಲ.

ಗಾಡಿ 41,250 ಕಿ.ಮೀ. ಓಡಿದೆ.
ಹೆಡ್ ಕವರ್ ಪ್ಯಾಕಿಂಗ್ ಹಾಕಿದೆವು. 110 ರೂ.
ಆಯಿಲ್. 420 ರೂ.
ಕಾಕಾ ಕೂಲಿ. 200 ರೂ.
ಉಸಿರು ನಳಿಗೆ ಮಡಚಿತ್ತು. ನೇರ ಮಾಡಿದೆವು.

ಎಂಟು ದಿನ ಕಳೆಯಿತು. ಒಂದು ತಿಂಗಳು ಕಳೆಯಿತು. ಗಾಡಿ ನಿಲ್ಲಿಸುವ ಜಾಗದಲ್ಲಿ ಹೊಸ ಕಲೆ ಬೀಳಲಿಲ್ಲ. ಪ್ರತಿ ಸೋಮವಾರ ಹಾಲಿನಕ್ಕನೇ ಆಯಿಲ್ ಕಡ್ಡಿ ಎಳೆದು ನೋಡುತ್ತಾಳೆ.

ಬೋರಮಾಳ ಆಕೆಯ ಕೊರಳಲ್ಲಿಯೇ ಇದೆ.

ಹೊಸ ಶಬ್ದಗಳು. ಗಟ್ಟಿಯಾಗಿ ಓದಿ:

ವಾಲ್ವ್ – ಮುಚ್ಚಳ – ಪ್ಯಾಕಿಂಗ್ – ಬೋಲ್ಟು – ಪಾನಾ – ನಳಿಗೆ – ಒತ್ತಡ – ಪೊಟ್ಟಣ – ಪಾವತಿ

ಉತ್ತರ ಹೇಳಿ:

1. ಹಾಲಿನಕ್ಕನ ಮಗ ಗಾಡಿಯಿಂದ ಏಕೆ ಬಿದ್ದ?
2. ಮಿಸ್ತ್ರಿ ಕಾಕಾ ಹೇಳಿದ ಮೂರು ಮಾತು ಯಾವುವು?
3. ಹೊಸ ರಬ್ಬರು ಹಾಕಿದರೂ ಗಾಡಿ ಏಕೆ ಸೋರಿತು? ಮೂರು ಕಾರಣ ಹೇಳಿ.
4. ಬೋಲ್ಟನ್ನು ಅತಿಯಾಗಿ ಬಿಗಿದರೆ ಏನಾಗುತ್ತದೆ?

ಬಿಟ್ಟ ಜಾಗ ತುಂಬಿ:

1. ಕುಕ್ಕರಿಗೆ ಸೀಟಿ ಇದ್ದ ಹಾಗೆ ಇಂಜಿನ್ನಿಗೆ ________ ನಳಿಗೆ.
2. ಬೋಲ್ಟುಗಳನ್ನು ________ ಬಿಗಿಯಬೇಕು.
3. ಆಯಿಲ್ ಕಡ್ಡಿಯ ________ ಗುರುತುಗಳ ನಡುವೆ ಇರಬೇಕು.

ಲೆಕ್ಕ ಮಾಡಿ:

1. ಹಾಲಿನಕ್ಕನಿಗೆ ಒಟ್ಟು ಎಷ್ಟು ಖರ್ಚಾಯಿತು? 110 + 420 + 200 = ?
2. ಗ್ಯಾರೇಜಿನವ ಹೇಳಿದ್ದು 7,000 ರೂಪಾಯಿ. ಉಳಿದದ್ದು ಎಷ್ಟು?
3. ಅಂಗಡಿಯವ ಬಿಡಿ ರಬ್ಬರಿಗೆ 180 ರೂಪಾಯಿ ಕೇಳಿದ. ಪೊಟ್ಟಣದ ಬೆಲೆ 110 ರೂಪಾಯಿ. ಎಷ್ಟು ಹೆಚ್ಚು ಕೇಳಿದ್ದ?

ಮಾಡಿ ನೋಡಿ:

ನಿಮ್ಮ ಮನೆಯ ಕುಕ್ಕರಿನ ರಬ್ಬರನ್ನು ಮಡಚಿ ನೋಡಿ. ಮೆತ್ತಗಿದೆಯೇ, ಗಡುಸಾಗಿದೆಯೇ? ಗಾಡಿ ಇದ್ದರೆ ಅದು ನಿಂತ ಜಾಗದ ನೆಲ ನೋಡಿ. ಕಲೆ ಇದೆಯೇ? ಕಂಡದ್ದನ್ನು ನಿಮ್ಮ ವಹಿಯಲ್ಲಿ ಎರಡು ಸಾಲು ಬರೆಯಿರಿ. ನಾಳೆ ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿ.